ಬಾಗಿಲ ಮೇಲಿನ ಎರಡು ಗಿಣಿ

ಅಕ್ಕನ ಕಣ್ಣು ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನೆಂಟರೆಲ್ಲ ಒಂದೊಂದು ಊರಿನ ಹೆಸರು ಹೇಳಿದರು. ಕಣ್ಣಿರುವಾಗಲೇ ತಿರುಪತಿ ನೋಡಲಿ ಅಂದರು, ಕಾಶಿ ನೋಡಲಿ ಅಂದರು. ಪಕ್ಕದ ಮನೆಯವರು ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತುಕೊಳ್ಳಿ ಅಂದರು. ಅವಳು ಯಾವುದಕ್ಕೂ ಜಗ್ಗಲಿಲ್ಲ. "ಶಿಡ್ಲಘಟ್ಟದ ನಮ್ಮ ಹಳೇ ಪೇಟೆ ಒಂದ್ಸಾರಿ ತೋರ್ಸೋ, ಸಾಕು. ಆ ಗಿಣಿ ನೋಡ್ಬೇಕು" ಅಂದಳು. ಕಾಶಿ ಬಿಟ್ಟು ಕಟ್ಟಿಗೆ ಗಿಣಿ ನೋಡುವವರುಂಟೇ ಅಂತ ನನಗೆ ರೇಗಿತು. ಆದರೂ ಒಪ್ಪಿದೆ. ಅವಳ ಕಣ್ಣಿಗಾಗಿ ನಾನು ಮಾಡಬಹುದಾದದ್ದು ಅದೊಂದೇ ಉಳಿದಿತ್ತು.

ನಮ್ಮ ಜಮೀನು ಜಂಗಮಕೋಟೆ ಕಡೆ. ಆ ಗಿಣಿ ಇದ್ದದ್ದು, ಮಕ್ಕಳು ಓದಲಿ ಅಂತ ಅಪ್ಪ ಪೇಟೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ. ಬಾಗಿಲ ಮೇಲಿನ ಮರದಲ್ಲಿ ಎರಡು ಗಿಣಿ ಕೆತ್ತಿದ್ದರು. ಅಪ್ಪ ಅಕ್ಕನನ್ನು ಎತ್ತಿ ಹಿಡಿದು ಅವುಗಳ ಕೊಕ್ಕು ಮುಟ್ಟಿಸುತ್ತಿದ್ದರು.

ಅಪ್ಪನ ಜೊತೆ ದನದ ಸಂತೆಗೆ ಹೋಗಿ ನಾವಿಬ್ಬರೂ ಒಂದು ವಿದ್ಯೆ ಕಲಿತಿದ್ದೆವು. ಅಲ್ಲಿ ಎತ್ತಿನ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು, ಮೇಲೆ ಟವೆಲ್ಲು ಹೊದಿಸಿ, ಬೆರಳು ಅದುಮಿ ಮಾತಾಡುತ್ತಾರೆ. ಸುತ್ತ ನಿಂತವರಿಗೋಸ್ಕರ ಬಾಯಿ ಏನೇನೋ ಒದರುತ್ತಿರುತ್ತದೆ, ಬೆರಳು ಹೇಳಿದ್ದೇ ನಿಜ. ಅದನ್ನು ನಾವು ಮನೆಗೂ ತಂದೆವು. ತೋರುಬೆರಳು ಅದುಮಿದರೆ ಹೌದು, ಐದೂ ಬೆರಳು ಒಟ್ಟಿಗೆ ಅದುಮಿದರೆ ಇಲ್ಲ. ಬೆಲ್ಲ ಕದ್ದವರು ಯಾರು ಅಂತ ಅಮ್ಮ ಕೇಳಿದಾಗ ಬಾಯಿ ದೇವರಾಣೆ ಇಡುತ್ತಿತ್ತು. ಒಪ್ಪಿಕೊಳ್ಳುವುದೋ ಬೇಡವೋ ಅನ್ನುವುದು ಅಕ್ಕನ ಲಂಗದ ಮರೆಯಲ್ಲಿ ಬೆರಳುಗಳ ನಡುವೆ ತೀರ್ಮಾನವಾಗುತ್ತಿತ್ತು.

ಹೊರಟ ದಿನ ಬೆಳಿಗ್ಗೆ ಮಂಚೇನಹಳ್ಳಿಯ ಅವಳ ಮನೆಗೆ ಹೋದಾಗ ಅಕ್ಕ ತಾನೇ ಕಾಫಿ ಮಾಡಿ ಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಪರವಾಗಿಲ್ಲ, ಸರಿಯಾದ ಹೊತ್ತಿಗೇ ಹೊರಟಿದ್ದೇವೆ ಅಂದುಕೊಂಡೆ. ನನಗಿದ್ದ ಭಯ ಬೇರೆ. ಆ ಮನೆ ಈಗ ಇದೆಯೋ, ಕೆಡವಿ ಮೂರು ಮಹಡಿ ಎಬ್ಬಿಸಿದ್ದಾರೋ ಗೊತ್ತಿರಲಿಲ್ಲ. ಬಸ್ಸಿನುದ್ದಕ್ಕೂ ಅದೇ ಯೋಚನೆ.

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋದೆವು. ಅವಳು ನನ್ನ ಮೊಣಕೈ ಹಿಡಿದಿದ್ದಳು. ಬಿಸಿನೀರಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿದಾಗ "ಬಂತು ಕಣೋ ನಮ್ಮೂರು" ಅಂದಳು. ಬೀದಿ ಮೊದಲೇ ಇಕ್ಕಟ್ಟು, ಅದರಲ್ಲಿ ಅರ್ಧ ಚರಂಡಿಗೆ, ಇನ್ನರ್ಧ ಸ್ಕೂಟರುಗಳಿಗೆ. ಒಬ್ಬ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ, ಅವನನ್ನು ಬೈದೆ. "ಅವ್ನ ಮೇಲ್ಯಾಕೆ ಕೂಗಾಡ್ತೀಯ, ಪೇಟೆ ತೋರ್ಸು" ಅಂದಳು ಅಕ್ಕ. ಕಂಬಸಾಲಿನ ಮನೆ ತೋರಿಸಿದೆ. "ಹಂಗೇ ಐತೆ" ಅಂದಳು. ನಾವು ಬಳಪ ಕೊಳ್ಳುತ್ತಿದ್ದ ಅಂಗಡಿಯ ಜಗಲಿ ತೋರಿಸಿದೆ. ಅದೂ ಹಂಗೇ ಇತ್ತು ಅವಳಿಗೆ. ಗುಡಿಯ ಕಮಾನಿಗೆ ಯಾರೋ ಗಿಳಿಹಸಿರು ಪೇಂಟ್ ಬಳಿದಿದ್ದರು, ನನ್ನ ಕೈಲಂತೂ ನೋಡಲಾಗಲಿಲ್ಲ. "ನೋಡು ಆ ಕಮಾನು" ಅಂದೆ. "ಹಂಗೇ ಐತೆ ಬಿಡು" ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬೆಳೆದ ಊರಿನ ಅಭಿಮಾನವೂ ಹಾಗೇ ಅಂತ ಒಳಗೊಳಗೇ ನಕ್ಕೆ.

ತಿರುವು ದಾಟಿದರೆ, ಮನೆ ಇತ್ತು. ಬಾಗಿಲಿತ್ತು. ಗಿಣಿಗಳೂ ಇದ್ದವು, ಎಣ್ಣೆ ಕಾಣದೆ ಕಪ್ಪಗಾಗಿ, ಒಂದರ ಕೊಕ್ಕು ಮುಕ್ಕಾಗಿ. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಯಾವತ್ತೂ ಆಗಿರಲಿಲ್ಲ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಮನೆಯಾಕೆ "ಎವರು ಕಾವಾಲಮ್ಮ?" ಅಂತ ತೆಲುಗಿನಲ್ಲೇ, ಯಾರು ಬೇಕೆಂದು ವಿಚಾರಿಸಿದಳು. ನಾವು ಹುಡುಗರಾಗಿದ್ದಾಗ ಇಲ್ಲೇ ಇದ್ದೆವು, ಅಕ್ಕ ಗಿಣಿ ನೋಡಬೇಕಂತೆ ಅಂದೆ. ಆಕೆಯ ಮುಖ ಅರಳಿತು.

"ನೋಡ್ಕೊಳ್ಳಮ್ಮ. ಕಿತ್ತಾಕಿ ಹೊಸಾ ಬಾಗ್ಲು ಇಡಣ ಅಂತಾರೆ ನಮ್ಮ ಯಜಮಾನ್ರು, ನಾನೇ ಬಿಟ್ಟಿಲ್ಲ. ಕಾಣ್ತಾವಾ?"

ಅಕ್ಕ ಮುಖ ಮೇಲೆತ್ತಿದಳು, ಸರಿಯಾಗಿ ಗಿಣಿಗಳ ಕಡೆಗೇ. "ಕಾಣ್ತಾವೆ ಕಣಮ್ಮ. ಎಷ್ಟು ಚೆನ್ನಾಗಿ ಇಟ್ಕೊಂಡಿದೀಯ" ಅಂದಳು.

ಅವಳ ಕೈ ನನ್ನ ಮೊಣಕೈಯಿಂದ ಜಾರಿ ಅಂಗೈಗೆ ಬಂತು. ಸೆರಗು ಅದರ ಮೇಲೆ ಬಿತ್ತು. ಐದೂ ಬೆರಳು ಒಟ್ಟಿಗೆ ಅದುಮಿದಳು.

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬೆಳಗಿನಿಂದ ಅವಳು ಆಡಿದ ಹಂಗೇ ಐತೆಗಳೆಲ್ಲ ಒಂದೊಂದಾಗಿ ನೆನಪಾದವು. ಮನೆಯಾಕೆ ಮಜ್ಜಿಗೆ ತರಲು ಒಳಗೆ ಹೋದಾಗ "ಯಾವಾಗಿಂದ?" ಅಂತ ಕೇಳಿದೆ.

"ಯುಗಾದಿ ಆದ್ಮೇಲೆ. ನೆರಳು ಕಾಣ್ತದೆ, ಅಷ್ಟೇ. ಯಾರಿಗೂ ಹೇಳ್ಬೇಡ ಕಣೋ. ಇಲ್ಲಿಗೆ ಬಂದ್ರೆ ಇದೊಂದಾದ್ರೂ ಕಾಣ್ಬೋದು ಅನ್ಕೊಂಡಿದ್ದೆ."

"ಸ್ಟೂಲ್ ಕೇಳ್ತೀನಿ. ಹತ್ತಿ ಮುಟ್ಟು ಅಕ್ಕ."

"ಬೇಡ. ನೋಡಕ್ಕೆ ಬಂದಿದ್ದು ನಾನು."

ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರೋ. ಹಾರ್ನ್ ಹೊಡೆದವನನ್ನು ಬೈದಿದ್ದೆ, ಈಗ ಬೈಯಲು ಯಾರೂ ಸಿಗಲಿಲ್ಲ. ಮಜ್ಜಿಗೆ ಕುಡಿದೆವು. ಆಕೆ ಅಕ್ಕನಿಗೆ ಅರಿಸಿನ ಕುಂಕುಮ ಕೊಟ್ಟಳು. ಅಕ್ಕ ಕುಂಕುಮದ ಬಟ್ಟಲಿಗಾಗಿ ಕೈ ಚಾಚಿದಳು, ಬಟ್ಟಲನ್ನು ನಾನೇ ಸ್ವಲ್ಪ ಅವಳ ಬೆರಳಿನ ಕಡೆ ಸರಿಸಿದೆ.

ವಾಪಸು ಅದೇ ಬೀದಿ. ಸೆರಗಿನ ಕೆಳಗೆ ಅವಳ ಕೈ ನನ್ನ ಕೈಯಲ್ಲೇ ಇತ್ತು. ಗುಡಿಯ ಹತ್ತಿರ ನಿಂತಳು.

"ಆ ಕಮಾನು ಹೆಂಗೈತೆ? ಹೇಳು."

"ಗಿಳಿಹಸಿರು ಬಣ್ಣ ಬಳಿದವ್ರೆ ಅಕ್ಕ. ಒಂಚೂರೂ ಚೆನ್ನಾಗಿಲ್ಲ" ಅಂದೆ. ಅವಳು ನನ್ನ ತೋರುಬೆರಳನ್ನು ಅದುಮಿದಳು.