ಕೇಳದೇ ಹಾಕಿದ ಗುರುತು

ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದಾಗ ಗಣಿಯ ಭರಾಟೆ ಜೋರಾಗಿತ್ತು. ಅದಿರಿನ ಲಾರಿಗಳು ಹಗಲಿಡೀ ಓಡುತ್ತಿದ್ದವು, ಕೈಕಾಲು ಮುರಿದುಕೊಂಡವರು ಬರುತ್ತಲೇ ಇದ್ದರು. ಪಾರ್ವತಿನಗರದ ಬಾಡಿಗೆ ಮನೆಯಿಂದ ಬಿಳಿ ಸೀರೆ ಉಟ್ಟು ಹೊರಟರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದಿರಿನ ಧೂಳಿಗೆ ಅಂಚೆಲ್ಲ ಕೆಂಪು. ನಮ್ಮ ಹಿರಿಯ ಸರ್ಜನ್‌ಗೆ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಗ್ಲೌಸ್ ಬದಲಿಸುವಷ್ಟೇ ಬಿಡುವು. ಕೈಗುಣ ಬಹಳ ಒಳ್ಳೆಯದು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಆಗಷ್ಟೇ ಕೆಲಸಕ್ಕೆ ಸೇರಿದ್ದ ಅರಿವಳಿಕೆ ಡಾಕ್ಟರಮ್ಮ ಒಂದು ಹಾಳೆ ತಂದರು. ರೋಗಿಯ ಹೆಸರೇನು, ಯಾವ ಆಪರೇಷನ್, ಎಡವೋ ಬಲವೋ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನೆಲ್ಲ ಅರಿವಳಿಕೆ ಕೊಡುವ ಮೊದಲೇ ರೋಗಿಯನ್ನು ಕೇಳಿ ಗುರುತು ಹಾಕಬೇಕು. ಹೊಲಿಗೆ ಹಾಕುವ ಮೊದಲು, ಒಳಗೆ ಏನೂ ಉಳಿಯದಂತೆ, ರಕ್ತ ಒರೆಸುವ ಬಟ್ಟೆಯ ತುಂಡು, ಸೂಜಿಗಳನ್ನು ಎಣಿಸಬೇಕು. ಎಲ್ಲರಿಗೂ ಕೇಳುವಂತೆ ಓದುವ ಕೆಲಸ ನನ್ನದು.

"ಇಪ್ಪತ್ತು ವರ್ಷದಿಂದ ಕೊಯ್ಯಾಕ ಹತ್ತೀನಿ. ಈಗ ಮಗ್ಗಿ ಒಪ್ಪಿಸಬೇಕೇನಮ್ಮಾ?" ಎಂದು ಸರ್ಜನ್ ನಕ್ಕರು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಮೊದಲ ವಾರ ಶ್ರದ್ಧೆಯಿಂದ ಓದಿದೆ. ಆಮೇಲೆ ನಾನೇ ಒಂದು ಸುಲಭದ ದಾರಿ ಹುಡುಕಿಕೊಂಡೆ. ಬೆಳಿಗ್ಗೆ ಬಂದವಳೇ ಆ ದಿನದ ಎಲ್ಲ ಹಾಳೆಗಳಿಗೂ ಮೊದಲೇ ಗುರುತು ಹಾಕಿಡುತ್ತಿದ್ದೆ. ಹೆಸರು ಹೇಗೂ ಕೇಸ್ ಪೇಪರಿನಲ್ಲಿತ್ತು. ಔಷಧಿ ಒಗ್ಗುವುದಿಲ್ಲ ಅಂದವರು ಅಲ್ಲಿಯತನಕ ಒಬ್ಬರೂ ಸಿಕ್ಕಿರಲಿಲ್ಲ. ಗಟ್ಟಿಯಾಗಿ ಓದುವುದನ್ನೂ ಬಿಟ್ಟೆ. ಹಾಳೆ ತುಂಬಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಚುರುಕಿನವಳು ಅಂತ ಹೆಸರೂ ಬಂತು.

ಹೀಗಿರುವಾಗ ಕುರುಗೋಡಿನ ಒಬ್ಬ ಹೆಂಗಸು ಪಿತ್ತಕೋಶದ ಕಲ್ಲಿಗೆಂದು ಬಂದಳು. ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಅವಳ ಕೆಲಸ. ಟೇಬಲ್ಲಿನ ಮೇಲೆ ಮಲಗಿಸಿದಾಗ ಡಾಕ್ಟರಮ್ಮ ಅವಳ ಬೆರಳು ಹಿಡಿದು ಗಾಬರಿಯಾದರು.

"ಉಗುರ್ಯಾಕ ಹಿಂಗ ನೀಲಿ ಆಗ್ಯಾವ?"

"ಪ್ಯಾಂಟಿನ ಬಣ್ಣರೀ ಅಮ್ಮಾರ. ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ."

ಉಸಿರಿನ ತೊಂದರೆಯೇನೋ ಎಂದುಕೊಂಡಿದ್ದ ಡಾಕ್ಟರಮ್ಮ ನಕ್ಕರು. ಆಂಟಿಬಯೋಟಿಕ್ ತುಂಬಿದ ಸಿರಿಂಜ್ ಎತ್ತಿಕೊಂಡು, ಮಾತಿಗೆ ಮಾತು ಸೇರಿಸುವಂತೆ ಕೇಳಿದರು: "ಯಾವುದಾರ ಇಂಜೆಕ್ಷನ್ ನಿಮಗ ಆಗಿಬರಂಗಿಲ್ಲೇನು?" ಹಾಳೆಯಲ್ಲಿ 'ಇಲ್ಲ' ಎಂಬಲ್ಲಿ ನನ್ನ ಗುರುತು ಆಗಲೇ ಬಿದ್ದಿತ್ತು.

"ಐತ್ರಿ. ಹೆರಿಗಿ ಟೈಮಿಗೆ ಪೆನ್ಸಿಲಿನ್ ಅಂತ ಸೂಜಿ ಮಾಡಿದ್ರು. ಮಾರಿ ಎಲ್ಲ ಬಾತು, ಉಸಿರು ಕಟ್ಟಿತ್ತು. ಬದುಕಿದ್ದ ಹೆಚ್ಚು ಅಂದ್ರು."

ಡಾಕ್ಟರಮ್ಮನ ಕೈಯಲ್ಲಿದ್ದದ್ದು ಅದೇ ಜಾತಿಯ ಔಷಧಿ. ಅವರು ಸಿರಿಂಜನ್ನು ಟ್ರೇನಲ್ಲಿ ಮೆಲ್ಲಗೆ ಇಟ್ಟು ನನ್ನ ಕಡೆ ನೋಡಿದರು. ಕೈ ತೊಳೆದು ಒಳಬಂದಿದ್ದ ಸರ್ಜನ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಗ್ಗಿ ಹಾಳೆ ನೋಡಿ ಕೇಳಿದರು:

"ಯಾರು ಹಾಕಿದ್ದು ಈ ಗುರುತು?"

ತಪ್ಪನ್ನು ವಾರ್ಡಿನ ನರ್ಸ್ ಮೇಲೆ ಹಾಕಿಬಿಡಬಹುದಿತ್ತು. ಆ ಯೋಚನೆ ಬಂದದ್ದೂ ನಿಜ. "ನಾನರಿ ಸರ್. ಕೇಳದನ ಹಾಕೀನಿ. ದಿನಾ ಹಂಗ ಮಾಡಾಕತ್ತಿದ್ದೆ," ಎಂದೆ.

ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. "ನೀ ಯಾಕ ಓದವಲ್ಲಿ ಅಂತ ನಾನೂ ಒಂದಿನ ಕೇಳಲಿಲ್ಲ," ಎಂದರು. "ಹೊಸ ಹಾಳಿ ತಗೊಂಬಾ. ಮೊದಲಿಂದ ಓದು. ನಾ ನಿಂತಿರ್ತೀನಿ."

ಎಲ್ಲರಿಗೂ ಕೇಳುವಂತೆ ಮೊದಲಿನಿಂದ ಓದಿದೆ. ಔಷಧಿ ಬದಲಾಯಿತು, ಆಪರೇಷನ್ ಸಲೀಸಾಗಿ ಮುಗಿಯಿತು.

ಮೂರನೇ ದಿನ ವಾರ್ಡಿಗೆ ಹೋಗಿ ಆಕೆಗೆ ನಡೆದದ್ದನ್ನು ನಾನೇ ಹೇಳಿದೆ. ಹೋಗಲಿ ಬಿಡ್ರಿ ಎನ್ನುತ್ತಾಳೆ ಎಂದು ಒಳಗೊಳಗೇ ಆಸೆಯಿತ್ತು. ಆಕೆ ಹಾಗನ್ನಲಿಲ್ಲ.

"ಯಾಕ ಕೇಳಲಿಲ್ರಿ? ನಾ ಹೊರಗ ಬೆಂಚಿನ ಮ್ಯಾಲೇ ಕುಂತಿದ್ದೆ. ನನಗ ಬಾಯಿ ಇದ್ದಿಲ್ಲೇನು? ಮನ್ಯಾಗ ಎರಡು ಮಕ್ಕಳದಾವ ನನಗ."

ತಪ್ಪಾಯಿತು ಎಂದೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಡಿಸ್ಚಾರ್ಜ್ ಆಗುವಾಗ ಎಲ್ಲರಿಗೂ ಹೇಳಿ ಹೋದಳು, ನನಗೆ ಹೇಳಲಿಲ್ಲ. ಆ ಸಿಟ್ಟು ನ್ಯಾಯವಾದದ್ದು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅದನ್ನು ಮರೆಯಲು ನನಗೆ ಇಷ್ಟವಿಲ್ಲ.

ಗಣಿಗಳು ನಿಂತು ಲಾರಿಗಳು ಕಡಿಮೆಯಾದ ಮೇಲೆ ನಾನು ನಮ್ಮೂರು ಸಿರುಗುಪ್ಪದ ಸಣ್ಣ ಆಸ್ಪತ್ರೆಗೆ ಬಂದೆ. ಅಲ್ಲಿ ಅಂಥ ಹಾಳೆಯೇ ಇರಲಿಲ್ಲ. ಕನ್ನಡದಲ್ಲಿ ನಾನೇ ಬರೆದು ಜೆರಾಕ್ಸ್ ಮಾಡಿಸಿದೆ. ಗಡಿಯಾಚೆಯಿಂದ ಬರುವವರಿಗೆ ತೆಲುಗಿನಲ್ಲಿ ಕೇಳುತ್ತಿದ್ದೆ. ಉರ್ದುವಿನಲ್ಲಿ ಕೇಳುವುದನ್ನು ನಮ್ಮ ಆಯಾ ಕಲಿಸಿಕೊಟ್ಟಳು. ಒಮ್ಮೆ ಹರ್ನಿಯಾ ಆಗಿದ್ದ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಮುದುಕನೊಬ್ಬ ಟೇಬಲ್ಲಿನ ಮೇಲಿಂದಲೇ ರೇಗಿದ.

"ಮೂರು ಸಲ ಆತವ್ವಾ ಕೇಳಾಕತ್ತು! ಎಷ್ಟು ಸಲ ಹೇಳ್ಲಿ?"

"ಇದೊಂದು ಸಲ ಹೇಳ್ರಿ ಅಜ್ಜಾ. ಯಾವ ಕಡಿ?"

ಗೊಣಗುತ್ತಲೇ ಬಲಗಡೆ ಕೈ ಇಟ್ಟು ತೋರಿಸಿದ. ನೋಡಿಕೊಂಡು ಗುರುತು ಹಾಕಿದೆ.