ಹೊರಗೆ ಕೂತ ಅತ್ತೆ

ಡಾಕ್ಟರರು ಹೃದಯಕ್ಕೆ ಒಳ್ಳೆಯದೆಂದು ಹೇಳಿದರಂತೆ, ಸೊಸೆ ಮೊನ್ನೆ ಕುಸುಬಿ ಎಣ್ಣೆಯ ಡಬ್ಬಿ ತಂದಳು. ಒಗ್ಗರಣೆಗೆ ಎಣ್ಣೆ ಕಾದದ್ದೇ ತಡ, ನಾನು ಪೇಪರು ಮಡಿಸಿಟ್ಟು ಎದ್ದು ಅಂಗಳಕ್ಕೆ ಹೋಗಿ ನಿಂತುಬಿಟ್ಟೆ. ವಾಸನೆ ಹಿಡಿಸಲಿಲ್ಲವೇ ಅಂತ ಸೊಸೆ ಕೇಳಿದಳು. ವಾಸನೆ ಚೆನ್ನಾಗಿಯೇ ಇತ್ತು. ಆದರೆ ಅದು ತಿಕೋಟಾದ ನನ್ನ ಅತ್ತೆಯ ಕೈಯ ವಾಸನೆ. ಆಕೆಯ ಸೆರಗು, ಕೂದಲು, ಆಕೆ ನಮ್ಮ ಮುಂದೆ ಕುಕ್ಕುತ್ತಿದ್ದ ತಾಟು, ಎಲ್ಲಕ್ಕೂ ಇದೇ ವಾಸನೆ ಇರುತ್ತಿತ್ತು.

ಅತ್ತೆ ಅಂದರೆ ನನ್ನ ಸೋದರಮಾವನ ಹೆಂಡತಿ, ಅವ್ವನಿಗೆ ವೈನಿ, ಅಂದರೆ ಅತ್ತಿಗೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಆಕೆ ಬದುಕಿದ್ದಾಗ ಎದುರಿಗೆ ಆಡುವ ಅವಕಾಶ ನನಗೆ ಸಿಗಲಿಲ್ಲ.

ಆಗ ಎರಡನೆಯ ದೊಡ್ಡ ಯುದ್ಧ ನಡೆದಿತ್ತು, ನಾನಿನ್ನೂ ಸಣ್ಣ ಹುಡುಗಿ. ನಾವು ಸೊಲ್ಲಾಪುರದಲ್ಲಿ ಇದ್ದೆವು, ಅಪ್ಪ ಅಲ್ಲಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಬೇಸಿಗೆಯಲ್ಲಿ ಶಾಲೆ ಮುಚ್ಚಿತೆಂದರೆ ಅವ್ವ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ವಿಜಾಪುರದ ರೈಲು ಹತ್ತುತ್ತಿದ್ದಳು. ಈಗ ವಿಜಯಪುರ ಅನ್ನಬೇಕಂತೆ, ನನ್ನ ಬಾಯಿಗೆ ವಿಜಾಪುರವೇ ಬರುತ್ತದೆ. ಸ್ಟೇಶನ್ನಿಗೆ ಮಾಮಾ ಎತ್ತಿನ ಗಾಡಿ ತಂದಿರುತ್ತಿದ್ದ. ಗಾಡಿ ತಿಕೋಟಾದ ದಾರಿ ಹಿಡಿಯಿತೆಂದರೆ ಅವ್ವ ತಲೆಯ ಮೇಲಿನ ಸೆರಗು ಜಾರಿದರೂ ಎಳೆದುಕೊಳ್ಳುತ್ತಿರಲಿಲ್ಲ. ಸೊಲ್ಲಾಪುರದಲ್ಲಿ ಬಾಯಿ ಬಿಡದ ಹೆಂಗಸು, ಇಲ್ಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೂಗಿ ಮಾತಾಡಿಸುತ್ತಿದ್ದಳು. ಅವಳು ವರ್ಷಕ್ಕೊಮ್ಮೆ ಹುಡುಗಿಯಾಗುತ್ತಿದ್ದದ್ದು ಆ ದಾರಿಯಲ್ಲೇ.

ನಾನು ಹೇಳಹೊರಟ ಬೇಸಿಗೆಯಲ್ಲಿ ಮಾತ್ರ ಅವ್ವ ಗಾಡಿಯಲ್ಲಿ ಸುಮ್ಮನೆ ಕೂತಿದ್ದಳು. ಆ ಚಳಿಗಾಲದಲ್ಲಿ ಆಯಿ, ಅಂದರೆ ಅವ್ವನ ಅವ್ವ, ತೀರಿಕೊಂಡಿದ್ದಳು. ಆಯಿ ಇಲ್ಲದ ಮನೆಗೆ ಅವ್ವ ಹೋಗುತ್ತಿದ್ದದ್ದು ಅದೇ ಮೊದಲು. ಅದು ಇನ್ನೂ ತನ್ನ ತವರುಮನೆಯೋ ಅಲ್ಲವೋ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು.

ಗೊತ್ತಾಗಲು ತಡವಾಗಲಿಲ್ಲ. ಗಾಡಿಯಿಂದ ಇಳಿಯುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತು, "ಬರ್ರಿ, ಸೊಲ್ಲಾಪುರದ ಬಾಯಾರ" ಅಂದಳು. ಕಾಲಿಗೆ ನೀರು ಕೊಡಲಿಲ್ಲ. ಅವ್ವನೇ ಹಂಡೆಯಿಂದ ತುಂಬಿಕೊಂಡಳು. ಮರುದಿನ ಬೆಳಿಗ್ಗೆ ಅತ್ತೆ ಹೊರಗೆ ಕೂತಳು. ತಿಂಗಳಿನ ಆ ಮೂರು ದಿನ ಹೆಂಗಸರು ದನ ಕಟ್ಟುವ ಅಂಕಣದಲ್ಲಿ ಕಂಬಳಿ ಹಾಸಿಕೊಂಡು ಕೂರಬೇಕಿತ್ತು, ಒಳಗಿನ ಏನನ್ನೂ ಯಾರನ್ನೂ ಮುಟ್ಟುವಂತಿರಲಿಲ್ಲ. ಅದು ಆಕೆಯ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿಂದಲೇ ಆಕೆ ಅವ್ವನಿಗೆ ಹುಕುಂ ಕೊಡುತ್ತಿದ್ದ ರೀತಿ ಇತ್ತಲ್ಲ... ರೊಟ್ಟಿ ದಪ್ಪ ಆಯಿತು, ಬೇಳೆಗೆ ಎಣ್ಣೆ ಸುರಿಯಬೇಡ, ಸೊಲ್ಲಾಪುರದಲ್ಲಿ ಹೀಗೇ ಏನು ಉಣ್ಣುವುದು? ಅವ್ವ ಬೇಸಿಗೆಯ ಸುಖಕ್ಕೆ ಬಂದವಳು, ಬಂದ ಮರುದಿನವೇ ಒಲೆಯ ಮುಂದೆ ಬೆವರುತ್ತಿದ್ದಳು. ನಮಗೆ ಮಾವಿನ ಹಣ್ಣಿನ ಸೀಕರಣೆ ಮಾಡಿದ ದಿನ ಅತ್ತೆ ತನ್ನ ಮಕ್ಕಳ ಬಟ್ಟಲು ತುಂಬಿಸಿ, ನಮ್ಮ ಬಟ್ಟಲಿಗೆ ಪಾತ್ರೆ ತೊಳೆದ ನೀರಿನಂಥದ್ದನ್ನು ಬಗ್ಗಿಸಿದಳು. ತಮ್ಮ ಚಿಕ್ಕವನು, ಅದನ್ನೇ ಚಪ್ಪರಿಸಿ ಕುಡಿದ. ನಾನು ಕುಡಿಯಲಿಲ್ಲ. ಆಕೆಯ ಮುಖ ನೋಡುತ್ತಾ ಬಟ್ಟಲನ್ನು ದೂಡಿದೆ, ಬೆನ್ನಿಗೆ ಅವ್ವನಿಂದಲೇ ಗುದ್ದು ತಿಂದೆ.

ಮಾಮಾ ಒಳ್ಳೆಯವನು. ಒಳ್ಳೆಯವನು ಅಂದರೆ ಏನೂ ಕಾಣಿಸದವನು. ನಮ್ಮನ್ನೂ ಅತ್ತೆಯನ್ನೂ ಗಾಡಿಯಲ್ಲಿ ಹೇರಿಕೊಂಡು ಮಮದಾಪುರದ ಕೆರೆ ತೋರಿಸಲು ಹೊರಟ. ಹೋಗುವಾಗ ಬಬಲೇಶ್ವರದಲ್ಲಿ ಒಂದು ರಾತ್ರಿ ತಂಗಿದೆವು, ಅದು ಅತ್ತೆಯ ತವರು. ಕೆರೆ ಚೆನ್ನಾಗಿತ್ತು. ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಮಾಮಾ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದ. ನನಗೆ ಮಾತ್ರ ಕೆರೆಗಿಂತ ಹೆಚ್ಚು ನೆನಪಿರುವುದು ಅಲ್ಲಿಂದ ತಿರುಗಿ ಬಂದು ಬಬಲೇಶ್ವರ ಬಿಟ್ಟ ಬೆಳಗು. ಅತ್ತೆಯ ಅವ್ವ ಮಗಳನ್ನು ಮಣೆಯ ಮೇಲೆ ಕೂರಿಸಿ ಅವಳ ಸೆರಗಿನ ಮಡಿಲಿಗೆ ಉಡಿ ತುಂಬಿದಳು. ಜೋಳ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಬೆಲ್ಲದ ಹೆಂಟೆ. ಅತ್ತೆ ನಗುತ್ತಿದ್ದಳು. ಆಕೆಗೆ ನಗಲು ಬರುತ್ತದೆ ಅಂತ ನನಗೆ ಅಂದೇ ತಿಳಿದದ್ದು. ಉಡಿ ಭಾರವಾಗಿ ಗಂಟು ಹಾಕಲು ಆಗದೆ ಇದ್ದಾಗ, ಬಗ್ಗಿ ಗಂಟು ಕಟ್ಟಿಕೊಟ್ಟವಳು ನನ್ನ ಅವ್ವ.

ತವರಿನಿಂದ ಹೊರಡುವ ಮಗಳ ಉಡಿಯನ್ನು ಆ ಮನೆಯ ಹಿರಿಯ ಮುತ್ತೈದೆ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ಕಾಳನ್ನು ಮನೆಯ ಗಡಿಗೆಗೆ ಮರಳಿ ಹಾಕಿ, ತವರು ತುಂಬಿರಲಿ ಅಂತ ಹರಸಿ ಹೊರಡುತ್ತಾಳೆ. ಅಷ್ಟು ವರ್ಷ ಅವ್ವನ ಉಡಿ ತುಂಬಿದವಳು ಆಯಿ. ಈಗ ಆ ಕೆಲಸ ಅತ್ತೆಯದು.

ನಾವು ಹೊರಡುವ ಎರಡು ದಿನ ಮೊದಲು ಮಾಮಾ ಎಲ್ಲರನ್ನೂ ಗೋಳಗುಮ್ಮಟಕ್ಕೆ ಕರೆದೊಯ್ದ. ಅತ್ತೆಗೆ ಬಳೆ ಇಡಿಸಿಕೊಳ್ಳುವುದಿತ್ತು, ಆಕೆಯೂ ಬಂದಳು. ಇದ್ದಿಲಿನಿಂದ ಓಡುವ ಯುದ್ಧಕಾಲದ ಬಸ್ಸು, ಮುಖಕ್ಕೆಲ್ಲ ಮಸಿ. ಗುಮ್ಮಟದ ಮೆಟ್ಟಿಲು ಹತ್ತುವಾಗ ತಮ್ಮ ಅತ್ತು ರಂಪ ಮಾಡಿದ. ಮೇಲೆ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ, ಮಾಮಾ ನಮ್ಮನ್ನು ಎರಡು ಪಾಲು ಮಾಡಿದ. ಅವ್ವ ಮತ್ತು ನಾನು ಈ ಕಡೆ, ಅವರೆಲ್ಲ ಎದುರು ಕಡೆ. ಗೋಡೆಗೆ ಕಿವಿ ಕೊಟ್ಟು ಕೂತರೆ ಆ ಕಡೆಯ ಪಿಸುಮಾತು ಪಕ್ಕದಲ್ಲೇ ಆಡಿದ ಹಾಗೆ ಕೇಳುತ್ತದೆ. ಮಾಮಾ "ತಂಗೀ" ಅಂದ, ಅವ್ವ ಬೆಚ್ಚಿ ನಕ್ಕಳು. ತಮ್ಮ ಕೋಳಿಯ ಹಾಗೆ ಕೂಗಿದ, ಗುಮ್ಮಟದ ತುಂಬ ಕೋಳಿಗಳಾದವು. ಆಮೇಲೆ ಮಾಮಾ ಮಕ್ಕಳಿಗೆ ಊರು ತೋರಿಸಲು ಹೊರಗಿನ ಮಾಳಿಗೆಗೆ ಕರೆದೊಯ್ದ. ಅತ್ತೆ ಒಬ್ಬಳೇ ಆ ಕಡೆ ಗೋಡೆಗೆ ಒರಗಿ ಉಳಿದಳು.

ನಾನು ಅವ್ವನಿಗೆ ಅಂಟಿಕೊಂಡು ಗೋಡೆಗೆ ಕಿವಿ ಒತ್ತಿಯೇ ಇದ್ದೆ.

"ಕೇಳಸಾಕತ್ತೈತೇನ?" ಅಂತು ಗೋಡೆ. ಅತ್ತೆಯ ದನಿ, ನನ್ನ ಕಿವಿಯೊಳಗೇ. "ನಿಮ್ಮವ್ವ ಇರೂತನಾ ಬಂದಿ, ನಾ ಏನೂ ಅನ್ನಲಿಲ್ಲ. ಈಗ ಅಕಿ ಹೋಗ್ಯಾಳ. ಇನ್ನ ಈ ಮನಿ ನಂದು. ಮುಂದಿನ ಬ್ಯಾಸಗಿಗೆ ಬರಬ್ಯಾಡ. ನಿಮ್ಮಣ್ಣಗ ಹೇಳಿದ್ರ, ನಾ ಅಂದೇ ಇಲ್ಲ ಅಂತೇನಿ."

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಕೇಳಿದಳು. "ಉಡಿ ತುಂಬಲಾರದ ಕಳಸ್ತೀರೇನ್ರಿ, ವೈನಿ?"

"ಮತ್ತ ಹೊಳ್ಳಿ ಬಾ ಅಂತ ತುಂಬೂದು ಉಡಿ. ನಾ ಯಾಕ ತುಂಬಲಿ?"

ಎದುರಿಗೆ ನೋಡಿದರೆ ಅತ್ತೆ ಕಾಲು ಚಾಚಿಕೊಂಡು ಹೊಸ ಬಳೆಗಳನ್ನು ತಿರುವುತ್ತಾ ಕೂತಿದ್ದಳು. ಅಷ್ಟು ದೂರದಿಂದ ನೋಡಿದವರಿಗೆ ಪಾಪದ ಹೆಂಗಸು, ದಣಿದಿದ್ದಾಳೆ ಅನಿಸಬೇಕು. ಮಾಮಾ ಬಂದ. ಗುಮ್ಮಟ ಏನಂತು ಅಂತ ಕೇಳಿದ. ಅವ್ವ ಏನೂ ಇಲ್ಲವೆಂದಳು. ಅಣ್ಣನ ಸಂಸಾರದಲ್ಲಿ ಕಡ್ಡಿ ಆಡಿಸುವ ಜಾತಿ ಅಲ್ಲ ಅವಳು. ನಾನು ಬಾಯಿ ತೆರೆದೆ, ಅವ್ವ ನನ್ನ ತೋಳು ಹಿಂಡಿದಳು.

ಹೊರಡುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ದನದ ಅಂಕಣದಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಮತ್ತೆ ಹೊರಗೆ!

ನಾವು ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ. ನಾನು ಹುಡುಗಿ, ನನಗೆ ಆ ಲೆಕ್ಕ ತಿಳಿಯದು. ಅವ್ವನಿಗೆ ತಿಳಿಯಿತು. ಬಂದ ಮರುದಿನದಿಂದ ಆ ಒಲೆ ಹಚ್ಚಿದವಳು ಅವಳೇ. ಮಾಮಾನಿಗೂ ತಿಳಿಯದೆ ಇರುತ್ತದೆಯೇ? ಆದರೆ ಗಂಡಸರು ಬಾಯಿ ಹಾಕುವ ವಿಷಯ ಅದಲ್ಲ. ಅತ್ತೆ ಅದನ್ನು ಚೆನ್ನಾಗಿ ತೂಗಿಯೇ ಅಲ್ಲಿ ಕೂತಿದ್ದಳು.

"ಅಕಿ ಹೊರಗ ಕುಂತಾಳವಾ, ಏನ ಮಾಡೂದು?" ಅಂದ ಮಾಮಾ, ಎತ್ತಿನ ಕೊರಳು ಸವರುತ್ತಾ. "ಇನ್ನೊಮ್ಮಿ ಬಂದಾಗ ತುಂಬಿದ್ರಾತು."

ಓಣಿಯ ಹೆಂಗಸರು ಅವ್ವನನ್ನು ಕಳಿಸಲು ಬಂದು ಪಡಸಾಲೆಯಲ್ಲಿ ನಿಂತಿದ್ದರು. ಎದುರು ಮನೆಯ ಮುದುಕಿಗೆ ಕೆಡುಕೆನಿಸಿತು. "ಬರಿಗೈಲೆ ಹ್ಯಾಂಗ ಹೊಕ್ಕಿ? ಬಾ ನನ್ನ ಮಗಳ, ನಮ್ಮ ಮನ್ಯಾಗ ನಾ ತುಂಬತೇನಿ" ಅಂದಳು.

"ನಿಮ್ಮ ಮನಿದು ಅಲ್ಲರಿ ಅಜ್ಜಿ," ಅಂದಳು ಅವ್ವ. "ನಮ್ಮವ್ವನ ಮನಿದು ಬೇಕು."

ಅಂದವಳೇ ಅಡುಗೆಮನೆಗೆ ನಡೆದಳು. ಜೋಳದ ಗಡಿಗೆಯ ಮುಂದೆ ಮಂಡಿಯೂರಿ, ಸೆರಗು ಹಾಸಿ, ಮುಚ್ಚಳ ತೆಗೆದು, ತನ್ನ ಉಡಿಯನ್ನು ತಾನೇ ತುಂಬಿಕೊಳ್ಳತೊಡಗಿದಳು. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ಯಾರೋ ಒಬ್ಬಳು "ಯವ್ವಾ!" ಅಂದಳು. ಒಂದು ಹಿಡಿ, ಎರಡು ಹಿಡಿ... ಕಾಳು ನೆಲಕ್ಕೂ ಬೀಳುತ್ತಿತ್ತು.

ಗಡಿಗೆಯ ಮುಚ್ಚಳದ ಸಪ್ಪಳ ದನದ ಅಂಕಣಕ್ಕೆ ಕೇಳಿಸಿರಬೇಕು. ಅತ್ತೆ ಕಂಬಳಿ ಬಿಟ್ಟು ಎದ್ದಳು, ಹೆಂಗಸರನ್ನು ತಳ್ಳಿಕೊಂಡು ಪಡಸಾಲೆ ದಾಟಿದಳು, ಅಡುಗೆಮನೆಗೆ ನುಗ್ಗಿ ಒಂದು ಕೈಯಿಂದ ಗಡಿಗೆಯನ್ನೂ ಇನ್ನೊಂದರಿಂದ ಅವ್ವನ ಮಣಿಕಟ್ಟನ್ನೂ ಹಿಡಿದಳು. "ಯಾರನ್ನ ಕೇಳಿ ಕೈ ಹಾಕಿದಿ ಬೇ?"

ಅವ್ವ ತಲೆ ಎತ್ತಿ ನೋಡಿದಳು. ದನಿ ಏರಿಸಲಿಲ್ಲ.

"ಕೈ ಬಿಡ್ರಿ ವೈನಿ. ನೀವು ಹೊರಗ ಕುಂತೀರಿ."

ಆ ಗಳಿಗೆಯನ್ನು ನಾನು ಇಷ್ಟು ವರ್ಷ ಸವಿದಿದ್ದೇನೆ, ಸುಳ್ಳು ಹೇಳುವುದಿಲ್ಲ. ಹೊರಗೆ ಕೂತವಳು ಒಳಗೆ ನಿಂತಿದ್ದಳು. ಓಣಿಯ ಅರ್ಧ ಹೆಂಗಸರನ್ನು ಮುಟ್ಟಿದ್ದಳು, ಒಲೆಯ ಪಕ್ಕದಲ್ಲಿ ಗಡಿಗೆ ಹಿಡಿದಿದ್ದಳು. ಕೈ ಬಿಟ್ಟರೆ ಗಡಿಗೆ ಹೋಯಿತು, ಹಿಡಿದಿದ್ದರೆ ಮಾನ ಹೋಯಿತು. ಎದುರು ಮನೆಯ ಮುದುಕಿ, "ನಿನ್ನ ಮೂರ ದಿನ ಭಾಳ ಲಗೂ ಮುಗದ್ವಲ್ಲವಾ" ಅಂದಳು. ಅತ್ತೆಯ ಮುಖ ಕಪ್ಪಿಟ್ಟಿತು. ಅವ್ವ ತನ್ನ ಉಡಿಯಿಂದ ಒಂದು ಹಿಡಿ ಜೋಳ ತೆಗೆದು ಗಡಿಗೆಗೆ ಮರಳಿ ಹಾಕಿದಳು, ಮುಚ್ಚಳ ಮುಚ್ಚಿದಳು, ಗಂಟು ಕಟ್ಟಿಕೊಂಡು ಎದ್ದಳು.

ಅಲ್ಲಿಗೇ ಮುಗಿದಿದ್ದರೆ ಇದು ನಗುತ್ತಾ ಹೇಳುವ ಕತೆಯಾಗುತ್ತಿತ್ತು.

ವಿಜಾಪುರದ ತನಕ ಮಾಮಾ ಎತ್ತುಗಳನ್ನು ಸುಮ್ಮಸುಮ್ಮನೆ ಬಾರುಕೋಲಿನಿಂದ ಬಾರಿಸಿದ. ಸ್ಟೇಶನ್ನಿನಲ್ಲಿ ನಮ್ಮ ಗಂಟು ಇಳಿಸಿಟ್ಟು, ಬೇರೆಲ್ಲೋ ನೋಡುತ್ತಾ, "ಮನ್ಯಾಗಿನ ಮಾತು ಓಣ್ಯಾಗ ಚೆಲ್ಲಿದಿ, ತಂಗಿ" ಅಂದ. ಅವ್ವ ಉಡಿಯ ಗಂಟು ಬಿಗಿಮಾಡಿಕೊಂಡು ರೈಲು ಹತ್ತಿದಳು. ಪ್ರತಿ ವರ್ಷ ರೈಲು ಅಲುಗಿದ ಮೇಲೆ ಮಾಮಾ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, "ಬ್ಯಾಸಗಿಗೆ ಬರ್ರೆವಾ" ಅಂತ ಕೂಗುತ್ತಿದ್ದ. ಅವ್ವ ಕಿಟಕಿಯ ಸರಳು ಹಿಡಿದು ಅದಕ್ಕೇ ಕಾಯುತ್ತಿದ್ದಳು. ರೈಲು ಅಲುಗಿತು. ಮಾಮಾ ನಿಂತಲ್ಲೇ ನಿಂತಿದ್ದ. ಸ್ಟೇಶನ್ನು ಹಿಂದೆ ಬಿದ್ದಮೇಲೂ ಅವ್ವ ಸರಳು ಬಿಡಲಿಲ್ಲ.

ಸೊಲ್ಲಾಪುರದಲ್ಲಿ ಆ ಜೋಳವನ್ನು ಮನೆಯ ಜೋಳಕ್ಕೆ ಬೆರೆಸಿ ಬೀಸಿ ರೊಟ್ಟಿ ಮಾಡಿದಳು. ನಮಗೆ ಬಡಿಸಿ ತಾನೂ ಹೊಟ್ಟೆತುಂಬ ಉಂಡಳು. ಅಳಲಿಲ್ಲ. ಮುಂದಿನ ಬೇಸಿಗೆಗೆ ತಮ್ಮ ತಿಕೋಟಾಕ್ಕೆ ಯಾವಾಗ ಹೋಗುವುದು ಅಂತ ಹಟ ಹಿಡಿದಾಗ ಮಾತ್ರ ಅವನಿಗೆ ಬಾರಿಸಿದಳು, ಯಾಕೆಂದು ಅವನಿಗೆ ತಿಳಿಯಲೇ ಇಲ್ಲ. ಅವಳು ಮತ್ತೆ ಆ ಊರು ನೋಡಲಿಲ್ಲ. ಮಾಮಾ ಸತ್ತ ಸುದ್ದಿ ನಮಗೆ ಮುಟ್ಟಿದ್ದು ದಿನಕರ್ಮ ಎಲ್ಲ ಮುಗಿದ ಮೇಲೆ. ಅತ್ತೆ ಬೇಕೆಂದೇ ತಡಮಾಡಿದಳು, ನನಗೆ ಸಂಶಯವಿಲ್ಲ. ಆಯಿ ಬದುಕಿದ್ದಾಗ ಸೊಸೆಗೆ ಬಹಳ ಕಾಟ ಕೊಟ್ಟಿದ್ದಳು ಅಂತ ಆಮೇಲೆ ಯಾರೋ ನನಗೆ ಹೇಳಿದರು. ಇರಬಹುದು. ಆಯಿಯೇನು ದೇವತೆಯಲ್ಲ. ಅದಕ್ಕೆ ನನ್ನ ಅವ್ವ ಏನು ಮಾಡಬೇಕಿತ್ತು? ತೀರಿಕೊಳ್ಳುವ ಮುಂಚೆ ಜ್ವರದಲ್ಲಿ ಅವ್ವ ಗಾಡಿ ಬಂತೇ, ಗಾಡಿ ಬಂತೇ ಅಂತ ಕೇಳುತ್ತಿದ್ದಳು...

ಅತ್ತೆ ಮಾತ್ರ ಬದುಕಿದಳು. ಹಲ್ಲು ಹೋಗಿ, ಕಣ್ಣು ಹೋಗಿ, ತನ್ನ ಮಕ್ಕಳನ್ನೂ ಸೇರಿಸಿ ಎಲ್ಲರನ್ನೂ ಕಳಿಸಿ ಬದುಕಿದಳು. ನಾನು ಆಕೆಯ ಎದುರು ನಿಂತು ಆಡಬೇಕಾದ ಮಾತುಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಪಾತ್ರೆ ತಿಕ್ಕುವಾಗ, ಬಸ್ಸಿಗೆ ಕಾಯುವಾಗ, ಅವನ್ನು ಮನಸ್ಸಿನಲ್ಲೇ ಆಡಿ ನೋಡುತ್ತಿದ್ದೆ. ಇಂದು ಹೋಗೋಣ, ನಾಳೆ ಹೋಗೋಣ ಅಂದುಕೊಂಡೇ ವರ್ಷಗಳು ಹೋದವು.

ಕಳೆದ ತಿಂಗಳು ಒಂದು ಮದುವೆಯಲ್ಲಿ ತಿಕೋಟಾದ ಕಡೆಯವರೊಬ್ಬರು ಸಿಕ್ಕರು. ಅತ್ತೆಯ ಮನೆಯ ಗುರುತು ಹೇಳಿ ವಿಚಾರಿಸಿದೆ. "ಆ ಮುದಕಿ ಹೋದ್ಲಲ್ಲರಿ, ಗೊತ್ತಾತಿಲ್ಲೋ?" ಅಂದರು. ನನ್ನ ಕೈಯಲ್ಲಿ ಊಟದ ತಾಟು ಇತ್ತು. ಅವರು ಮತ್ತೆ ಕೇಳಿದರು, ನೀವು ಯಾರ ಪೈಕಿ ಆಗಬೇಕು? ನಾನು ಅವ್ವನ ಹೆಸರು ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಆಯಿಯ ಹೆಸರು ಹೇಳಿದೆ. ಅದೂ ಗೊತ್ತಾಗಲಿಲ್ಲ. ವಯಸ್ಸಾದವರು, ನಯವಾಗಿ ತಲೆಯಾಡಿಸಿ ಬೇರೆಯವರನ್ನು ಮಾತಾಡಿಸಲು ಹೋದರು.

ನನಗೆ ಅಲ್ಲೇ ಅಳು ಬಂತು. ಆ ಹೆಂಗಸಿಗಾಗಿ ಖಂಡಿತ ಅಲ್ಲ, ಆಕೆಯ ಮೇಲಿನ ಸಿಟ್ಟು ಹಾಗೇ ಇದೆ, ನನ್ನ ಜೊತೆಯೇ ಸುಡುಗಾಡಿಗೆ ಬರುತ್ತದೆ. ಆದರೆ ನನ್ನ ಅವ್ವ ಯಾವ ಮನೆಯ ಮಗಳು ಅಂತ ಆ ಊರಿನಲ್ಲಿ ಬಲ್ಲವಳು ಆಕೆಯೊಬ್ಬಳೇ ಉಳಿದಿದ್ದಳು.