ಉಳಿಸಿದ ನೀರು

ಚಳ್ಳಕೆರೆಯ ಹೊರಗಿನ ಗಾರ್ಮೆಂಟ್ಸ್ ಕಾರ್ಖಾನೆಗೆ ನಾನು ಸೇರಿದಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಅವಳು ಪಿಯುಸಿ ಮುಗಿಸಿದ್ದಾಳೆ. ಅಷ್ಟು ಕಾಲ ನಾನು ಅಂಗಿಗಳಿಗೆ ಕಾಲರ್ ಕೂರಿಸಿದ್ದೇನೆ, ಆಮೇಲೆ ಕಾಲರ್ ಕೂರಿಸುವವರ ಲೈನಿಗೆ ಸೂಪರ್‌ವೈಸರ್ ಆಗಿದ್ದೇನೆ. ನಾನು ಹೊಲಿದ ಅಂಗಿಗಳನ್ನು ತೊಟ್ಟವರನ್ನು ನಾನು ನೋಡಿಲ್ಲ. ಆದರೆ ಅವುಗಳನ್ನು ಹೊಲಿದವರು ಒಬ್ಬೊಬ್ಬರೂ ನನಗೆ ಗೊತ್ತು.

ಬೆಳಿಗ್ಗೆ ಮೂರು ದಿಕ್ಕಿನಿಂದ ಬಸ್ಸುಗಳು ಬರುತ್ತವೆ. ನಾನು ಹತ್ತುವುದು ನಾಯಕನಹಟ್ಟಿ ಕಡೆಯ ಬಸ್ಸು. ಇನ್ನೊಂದು ಮೊಳಕಾಲ್ಮುರು ರಸ್ತೆಯದು, ಅದರಲ್ಲಿ ಬರುವವರು ಅರ್ಧ ಮಾತು ತೆಲುಗಿನಲ್ಲಿ ಆಡುತ್ತಾರೆ. ಮತ್ತೊಂದು ಗೌರಸಮುದ್ರದ ಕಡೆಯಿಂದ ಬರುತ್ತದೆ. ನನ್ನ ಗೆಳತಿ ಬರುವುದು ಆ ಬಸ್ಸಿನಲ್ಲಿ. ಕುರಿ ಸಾಕುವ ಮನೆತನದವಳು, ಎತ್ತರದ ಆಳು, ಮಾತು ಜೋರು, ನಗು ಇನ್ನೂ ಜೋರು. ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು, ಪಕ್ಕಪಕ್ಕದ ಮೆಷಿನ್ನಿನಲ್ಲಿ ಕೂತು ಕಲಿತವರು. ನಾನು ಸೂಪರ್‌ವೈಸರ್ ಆದ ಮೇಲೂ ಅವಳು ನನ್ನನ್ನು ಮೇಡಂ ಅನ್ನಲಿಲ್ಲ. ‘ನಿನ್ನ ಮೇಡಂ ಅಂದ್ರೆ ನನಗೆ ನಗು ಬರ್ತೈತೆ’ ಅನ್ನುತ್ತಿದ್ದಳು. ನನಗೂ ಅದೇ ಹಿತವಾಗಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಹೆಡ್ ಆಫೀಸಿನವರು ನೌಕರರ ಕ್ಷೇಮ ಎಂಬ ಕಾರ್ಯಕ್ರಮ ಶುರುಮಾಡಿದರು. ಇಂಥವುಗಳ ಬಗ್ಗೆ ಆಡಿಕೊಳ್ಳುವುದು ಸುಲಭ, ಮೊದಮೊದಲು ನಾವೂ ಆಡಿಕೊಂಡೆವು. ಬೆಂಗಳೂರಿನಿಂದ ಒಬ್ಬರು ಬಂದು ನಗುವ ವ್ಯಾಯಾಮ ಹೇಳಿಕೊಟ್ಟರು. ಅಂಗಳದಲ್ಲಿ ಸಾಲಾಗಿ ನಿಂತ ನಮಗೆ ‘ನಗಿ, ನಗಿ’ ಎಂದರು. ಯಾರಿಗೂ ನಗು ಬರಲಿಲ್ಲ. ಆ ಮನುಷ್ಯ ಒಬ್ಬರೇ ಹೊಟ್ಟೆ ಹಿಡಿದು ನಗುವುದನ್ನು ನೋಡಿ ನನ್ನ ಗೆಳತಿಗೆ ನಿಜವಾದ ನಗು ಬಂತು. ಅವಳ ನಗು ಕೇಳಿ ಪಕ್ಕದವಳು, ಅವಳನ್ನು ನೋಡಿ ಇನ್ನೊಬ್ಬಳು, ಹೀಗೆ ಇಡೀ ಅಂಗಳ ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕಿತು. ಆ ದಿನ ಮೆಷಿನ್ನುಗಳು ತಡವಾಗಿ ಶುರುವಾದವು.

ಆದರೆ ಆ ಕಾರ್ಯಕ್ರಮದಿಂದ ಒಳ್ಳೆಯದೂ ಆಯಿತು. ಕಾರ್ಖಾನೆಯೊಳಗೇ ಒಂದು ಆರೋಗ್ಯ ಕೊಠಡಿ ಬಂತು, ಅದಕ್ಕೊಬ್ಬ ನರ್ಸ್ ಬಂದರು. ಕಣ್ಣಿನ ತಪಾಸಣೆ ನಡೆಯಿತು. ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳೊಬ್ಬಳು ಕನ್ನಡಕ ಹಾಕಿಕೊಂಡ ದಿನ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ಸುಮ್ಮನೆ ಅತ್ತುಬಿಟ್ಟಳು. ಪ್ರತಿ ಲೈನಿಗೆ ಒಬ್ಬರನ್ನು ಕ್ಷೇಮ ಪ್ರತಿನಿಧಿ ಎಂದು ಆರಿಸಿದರು. ನಮ್ಮ ಲೈನಿನಿಂದ ನನ್ನನ್ನು ಆರಿಸಿ, ಎದೆಗೆ ಹಚ್ಚಿಕೊಳ್ಳಲು ನೀಲಿ ಬಿಲ್ಲೆ ಕೊಟ್ಟರು.

ಅದರ ಜೊತೆಜೊತೆಗೇ ಪರಿಸರದ ಕಾರ್ಯಕ್ರಮವೂ ಬಂತು. ಚಾವಣಿಯ ಮೇಲೆ ಸೋಲಾರ್ ಹಲಗೆಗಳು ಕೂತವು. ಚೂರು ಬಟ್ಟೆ ಸುಡುವುದು ನಿಂತು, ಹಾಸಿಗೆ ತುಂಬುವವರಿಗೆ ಹೋಗತೊಡಗಿತು. ಹಿಂಭಾಗದಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಎದ್ದಿತು. ಎಲ್ಲಕ್ಕಿಂತ ಜೋರಾಗಿ ನಡೆದದ್ದು ನೀರು ಉಳಿಸುವ ಕೆಲಸ. ಅದಕ್ಕೆ ನಾವೆಲ್ಲ ಮನಸ್ಸಿಟ್ಟು ಸೇರಿದೆವು. ನಮ್ಮ ಸೀಮೆಯವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬೋರಿನಲ್ಲಿ ನೀರು ಬಂದರೆ ಊರಿಗೆಲ್ಲ ಸುದ್ದಿಯಾಗುವ ಕಡೆ ಹುಟ್ಟಿದವರು ನಾವು. ಗೇಟಿನ ಹತ್ತಿರ ಒಂದು ಬೋರ್ಡ್ ಹಾಕಿ, ತಿಂಗಳ ನೀರಿನ ಬಳಕೆಯ ಗೆರೆ ಬರೆಯುತ್ತಿದ್ದರು. ಗೆರೆ ಕೆಳಗಿಳಿದಾಗ ಮ್ಯಾನೇಜರ್ ಎಲ್ಲರಿಗೂ ಲಾಡು ಹಂಚಿಸುತ್ತಿದ್ದರು.

ಒಂದು ತಮಾಷೆ ಮಾತ್ರ ಆಗಲೇ ನಡೆದಿತ್ತು. ಕ್ಷೇಮದವರು ಒಂದು ಪೋಸ್ಟರ್ ಅಂಟಿಸಿದರು, ‘ಹೆಚ್ಚು ನೀರು ಕುಡಿಯಿರಿ, ಆರೋಗ್ಯವಾಗಿರಿ’ ಎಂದು. ಮಾರನೆಯ ವಾರ ಪರಿಸರದವರು ಅದರ ಪಕ್ಕದಲ್ಲೇ ಇನ್ನೊಂದು ಅಂಟಿಸಿದರು, ‘ಪ್ರತಿ ಹನಿಯನ್ನೂ ಉಳಿಸಿ’ ಎಂದು. ನನ್ನ ಗೆಳತಿ ಎರಡನ್ನೂ ಓದಿ, ‘ಕುಡೀರಿ ಅಂತಾರೋ, ಬಿಡ್ರಿ ಅಂತಾರೋ? ಇಬ್ರೂ ಕೂತು ಮಾತಾಡಿ ಒಂದು ಹೇಳ್ಲಿ’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಜ ಹೇಳಬೇಕೆಂದರೆ, ಅದಕ್ಕೂ ಮುಂಚಿನಿಂದಲೇ ನಮ್ಮಲ್ಲಿ ಯಾರೂ ಕೆಲಸದ ಹೊತ್ತಿನಲ್ಲಿ ಸರಿಯಾಗಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಏಳಬೇಕು. ಎದ್ದರೆ ನಮ್ಮ ಮೆಷಿನ್ನಿನ ಮುಂದೆ ಅಂಗಿಗಳು ಗುಡ್ಡೆ ಬೀಳುತ್ತವೆ, ಮುಂದಿನವಳ ಕೈ ಖಾಲಿ ಕೂರುತ್ತದೆ. ಶೌಚಾಲಯ ಇರುವುದು ಶೆಡ್ಡಿನ ಆ ತುದಿಯಲ್ಲಿ. ಸಂಜೆ ಬಸ್ಸು ಹತ್ತಿದರೆ ಊರು ಸೇರುವ ತನಕ ಎಲ್ಲೂ ಇಳಿಯುವಂತಿಲ್ಲ. ಹೀಗಾಗಿ ಕಂಪನಿ ಕೊಟ್ಟ ಬಾಟಲಿಯಲ್ಲಿ ಬೆಳಿಗ್ಗೆ ತುಂಬಿಸಿದ ನೀರು ಸಂಜೆ ಹಾಗೇ ಮನೆಗೆ ಬರುತ್ತಿತ್ತು. ಇದನ್ನು ನಾವು ಕಷ್ಟ ಅಂದುಕೊಂಡಿರಲಿಲ್ಲ, ಅಭ್ಯಾಸ ಅಂದುಕೊಂಡಿದ್ದೆವು. ನೀರು ಉಳಿಸುವ ಕೆಲಸ ಶುರುವಾದ ಮೇಲೆ ಶೌಚಾಲಯದ ಒಂದು ಸಾಲಿಗೆ ಬೀಗ ಬಿತ್ತು. ರಿಪೇರಿ ಇರಬೇಕು ಅಂದುಕೊಂಡೆವು. ಉಳಿದ ಸಾಲಿನ ಮುಂದೆ ಸರದಿ ಉದ್ದವಾಯಿತು. ಸರದಿ ನೋಡಿಯೇ ಎಷ್ಟೋ ಜನ ವಾಪಸ್ಸು ಬಂದು ಕೂರುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಮುಂಚೆ ನನ್ನ ಗೆಳತಿ ಮೆಷಿನ್ನಿನ ಮೇಲೆ ಬಗ್ಗಿದಳು. ದಾರ ಕಡಿದಿರಬೇಕು ಅಂದುಕೊಂಡೆ. ಹತ್ತಿರ ಹೋದರೆ ಎರಡೂ ಕೈಯಲ್ಲಿ ಟೇಬಲ್ಲಿನ ಅಂಚನ್ನು ಹಿಡಿದುಕೊಂಡಿದ್ದಳು. ಮುಖದ ತುಂಬ ಬೆವರು. ‘ಏನಾಯ್ತೇ?’ ಅಂದೆ.

‘ಸೊಂಟದಾಗೆ ಚಾಕು ಹಾಕಿ ತಿರುವಿದಂಗೆ ಆಗ್ತೈತೆ ಕಣೇ’ ಎಂದಳು. ಅಷ್ಟು ಜೋರು ಮಾತಿನವಳ ದನಿ ನನಗೆ ಮಾತ್ರ ಕೇಳುವಷ್ಟಿತ್ತು.

ನರ್ಸ್ ಬಂದು ನೋಡಿದರು. ಮ್ಯಾನೇಜರ್ ತಮ್ಮ ಜೀಪನ್ನೇ ಕೊಟ್ಟರು. ಚಳ್ಳಕೆರೆಯ ಆಸ್ಪತ್ರೆಯ ತನಕ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಅವ್ವಾ ಅವ್ವಾ ಎನ್ನುತ್ತ ಮಲಗಿದ್ದಳು. ಸ್ಕ್ಯಾನ್ ಮಾಡಿ ಮೂತ್ರಪಿಂಡದಲ್ಲಿ ಕಲ್ಲು ಇದೆ ಎಂದರು. ನೋವಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ನಿಂತು, ‘ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?’ ಎಂದು ಕೇಳಿದರು.

‘ಬೆಳಗ್ಗೆ ಟೀ ಕುಡೀತೀನಿ.’

‘ಟೀ ಅಲ್ಲ, ನೀರು.’

‘ಸಂಜೆ ಮನೆಗೋಗಿ ಒಂದು ಚೊಂಬು. ಕೆಲ್ಸದಾಗೆ ಕುಡಿದ್ರೆ ಎಲ್ಲಿಗೋಗ್ಲಿ ಮೇಡಂ?’

ಡಾಕ್ಟರಮ್ಮ ನನ್ನ ಕಡೆ ತಿರುಗಿ, ನನ್ನ ಎದೆಯ ಮೇಲಿನ ಬಿಲ್ಲೆಯನ್ನು ಓದಿದರು. ಕ್ಷೇಮ ಪ್ರತಿನಿಧಿ. ನಾನು ಬಿಲ್ಲೆಯ ಮೇಲೆ ಸೆರಗು ಎಳೆದುಕೊಂಡೆ.

ಕಾರ್ಖಾನೆಗೆ ವಾಪಸ್ಸು ಬಂದು ನರ್ಸಿಗೆ ವಿಷಯ ತಿಳಿಸಿದೆ. ಅವರು ಬಾಗಿಲು ಮುಂದೆ ಮಾಡಿ, ‘ಅವಳೊಬ್ಳೇ ಅಲ್ಲ. ಉರಿಮೂತ್ರ ಅಂತ ನನ್ನತ್ರ ಬರೋರು ಜಾಸ್ತಿ ಆಗಿದಾರೆ. ಮಾತ್ರೆ ಇಸ್ಕೊಂಡು ತಲೆ ಬಗ್ಗಿಸಿ ಹೋಗ್ತಾರೆ. ಬಿಸಿಲಿಗೆ ಅಂತ ನಾನೂ ಸುಮ್ಮನಿದ್ದೆ’ ಎಂದರು. ಕಿಟಕಿಯಿಂದ ಗೇಟಿನ ಬೋರ್ಡ್ ಕಾಣುತ್ತಿತ್ತು. ಗೆರೆ ಚೆನ್ನಾಗಿ ಕೆಳಗಿಳಿದಿತ್ತು.

ಅದೇ ವಾರ ಮ್ಯಾನೇಜರ್ ನನ್ನನ್ನು ಕರೆಸಿದರು. ದಾವಣಗೆರೆ ಕಡೆಯವರು, ಅವಸರದ ಮಾತು, ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಯಾರ ಮನೆಯಲ್ಲಿ ಸಾವು ನೋವು ಆದರೂ ಮೊದಲು ಹೋಗಿ ನಿಲ್ಲುವವರು. ಆ ದಿನ ಅವರ ಮುಖ ಹೊಳೆಯುತ್ತಿತ್ತು. ‘ನೋಡಮ್ಮ, ನೀರು ಉಳಿಸೋದ್ರಲ್ಲಿ ಎಲ್ಲ ಯೂನಿಟ್‌ಗಿಂತ ನಾವೇ ಫಸ್ಟ್ ಬಂದೀವಿ. ಹೆಡ್ ಆಫೀಸಿಂದ ಮೇಡಂ ಬರ್ತಾರೆ, ನಾಳೆ ಫಂಕ್ಷನ್ನು. ಹೆಣ್ಮಕ್ಕಳ ಪರವಾಗಿ ನೀನು ಒಂದೆರಡು ಮಾತಾಡ್ಬೇಕು’ ಎಂದರು.

‘ನಾನು ಮಾತಾಡಲ್ಲ ಸಾರ್’ ಎಂದೆ. ಹಾಗನ್ನಬೇಕೆಂದು ಲೆಕ್ಕ ಹಾಕಿ ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

‘ಯಾಕೆ, ಹೆದರಿಕೆನಾ?’

‘ಹೆದರಿಕೆ ಅಲ್ಲ ಸಾರ್. ನಾವು ನೀರು ಉಳ್ಸಿರೋದು ಹೆಂಗೆ ಅಂತ ಹೇಳಬೇಕಾಗ್ತೈತೆ. ಕುಡೀದೆ ಉಳ್ಸೀವಿ. ಹೋಗ್ದೆ ಉಳ್ಸೀವಿ.’

ಅವರಿಗೆ ಅರ್ಥವಾಗಲಿಲ್ಲ. ಗಂಡಸಿನ ಮುಂದೆ ಇಂಥ ಮಾತು ಬಿಡಿಸಿ ಹೇಳುವುದು ನನಗೂ ಕಷ್ಟವಾಗಿತ್ತು. ಆದರೂ ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಬೀಗ, ಸರದಿ, ಬಸ್ಸು, ನರ್ಸ್ ಹೇಳಿದ್ದು. ಗೆಳತಿಯ ಕಲ್ಲಿನ ವಿಷಯ ಬಂದಾಗ ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ‘ಕಲ್ಲಾ?’ ಎಂದರು. ‘ನನಗೂ ಆಗಿತ್ತು. ಆಪರೇಷನ್ನೇ ಮಾಡ್ಬೇಕಾಯ್ತು. ಆ ನೋವು ಶತ್ರುವಿಗೂ ಬೇಡಮ್ಮ.’ ಬಯ್ಯುತ್ತಾರೆಂದು ಕಾದಿದ್ದ ನಾನು ತಲೆಯೆತ್ತಿ ನೋಡಿದೆ. ಅವರು ಆಗಲೇ ಎದ್ದು ಬಾಗಿಲಿಗೆ ಹೋಗಿದ್ದರು.

ಶೌಚಾಲಯದ ಮುಂದೆ ನಿಂತು, ‘ಈ ಬೀಗ ಹಾಕ್ಸಿದ್ದು ಯಾರು?’ ಎಂದು ಕೂಗಿದರು. ಕೊನೆಗೆ ಸ್ವಚ್ಛತೆಯ ಉಸ್ತುವಾರಿ ನೋಡುವಾತ ಮುಂದೆ ಬಂದು, ‘ಯಾರೂ ಹೇಳ್ಲಿಲ್ಲ ಸಾರ್. ಗೆರೆ ಇಳಿದ್ರೆ ನಿಮಗೆ ಖುಷಿ ಆಗ್ತೈತೆ ಅಂತ ನಾನೇ ಹಾಕಿಸ್ದೆ’ ಎಂದ. ಅವನ ಮುಖ ನೋಡಿದರೆ ಪಾಪ ಅನ್ನಿಸಿತು. ಮ್ಯಾನೇಜರಿಗೂ ಹಾಗೇ ಅನ್ನಿಸಿರಬೇಕು. ‘ತೆಗೀರಿ ಮೊದ್ಲು’ ಎಂದಷ್ಟೇ ಹೇಳಿ ಹೊರಟುಹೋದರು.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಫಂಕ್ಷನ್ ನಡೆಯಿತು. ನನ್ನ ಗೆಳತಿ ರಜೆಯಲ್ಲಿದ್ದರೂ ಬಂದು ಗೋಡೆಗೊರಗಿ ಕೂತಿದ್ದಳು. ಹೆಡ್ ಆಫೀಸಿನ ಮೇಡಂ ಟ್ರೋಫಿ ಕೊಡಲು ಎದ್ದಾಗ ಮ್ಯಾನೇಜರ್ ಮೈಕ್ ತೆಗೆದುಕೊಂಡರು. ಎಂದೂ ತೊದಲದ ಮನುಷ್ಯ ಅಂದು ತೊದಲಿದರು. ‘ಮೇಡಂ, ಇದನ್ನ ಈಗ್ಲೇ ಕೊಡಬೇಡಿ. ಈ ಲೆಕ್ಕದಾಗೆ ನಮ್ಮ ಹೆಣ್ಮಕ್ಕಳು ಕುಡೀಬೇಕಾದ ನೀರೂ ಸೇರೈತೆ. ಅದು ನನಗೆ ನಿನ್ನೆ ಗೊತ್ತಾಯ್ತು’ ಎಂದರು.

ಮೇಡಂ ಟ್ರೋಫಿಯನ್ನು ಮೇಜಿನ ಮೇಲಿಟ್ಟು, ಗಂಡಸರೆಲ್ಲ ಹೊರಗೆ ಹೋಗಿ ಟೀ ಕುಡಿಯಿರಿ ಎಂದರು. ಬಾಗಿಲು ಮುಚ್ಚಿದ ಮೇಲೆ ವೇದಿಕೆಯಿಂದ ಇಳಿದು ನಮ್ಮ ಬೆಂಚಿನ ಮೇಲೇ ಕೂತು, ‘ಹೇಳಿ’ ಎಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ನನ್ನ ಗೆಳತಿ ಗೋಡೆ ಹಿಡಿದುಕೊಂಡು ಎದ್ದಳು. ‘ಮೇಡಂ, ನಾಚಿಕೆ ಬಿಟ್ಟು ಹೇಳ್ತೀನಿ. ನಮ್ಮ ಕುರಿಗಳಿಗಾದ್ರೂ ಹೊತ್ತಿಗೆ ಸರಿಯಾಗಿ ನೀರು ಕುಡಿಸ್ತೀವಿ. ನಾವು ಬಾಟ್ಲಿ ಎದುರಿಗೆ ಇಟ್ಕೊಂಡು ನೋಡ್ತಾ ಕೂತಿರ್ತೀವಿ. ಮುಟ್ಟಾದ ದಿನ ಕೇಳಲೇಬ್ಯಾಡ್ರಿ. ಎದ್ದು ಹೋದ್ರೆ ನನ್ನ ಮೆಷಿನ್ ನಡೆಸೋರು ಯಾರು?’

ಆಮೇಲೆ ತಡೆಯುವವರೇ ಇರಲಿಲ್ಲ. ಮೊಳಕಾಲ್ಮುರು ಬಸ್ಸಿನ ಹೆಂಗಸೊಬ್ಬಳು ‘ನೀಳ್ಳು ತಾಗಿತೇ ಯಾಡಿಕಿ ಪೋಯೇದಿ?’ ಎಂದು ಸಿಟ್ಟಿನಲ್ಲಿ ತೆಲುಗಿನಲ್ಲೇ ಕೇಳಿದಳು. ನೀರು ಕುಡಿದರೆ ಎಲ್ಲಿಗೆ ಹೋಗೋದು ಅಂತಿದಾಳೆ ಎಂದು ಪಕ್ಕದವಳು ಹೇಳಿದಳು. ಮೇಡಂ ನಡುವೆ ಬಾಯಿ ಹಾಕದೆ ಕೇಳಿದರು. ಕಡೆಗೆ, ‘ನೀರು ಉಳಿಸಿ ಅಂತ ಬರೆಸಿದವರಲ್ಲಿ ನಾನೂ ಒಬ್ಬಳು. ಅದನ್ನ ಓದೋರು ಹೀಗೆ ಕೂತಿರ್ತಾರೆ ಅಂತ ನನಗೆ ತೋಚಲಿಲ್ಲ’ ಎಂದರು. ದೊಡ್ಡ ಮಾತು ಯಾವುದೂ ಆಡಲಿಲ್ಲ. ನನಗೆ ಅವರ ಮೇಲೆ ಗೌರವ ಬಂದದ್ದು ಆಗಲೇ.

ಟ್ರೋಫಿ ಅವರ ಕಾರಿನಲ್ಲೇ ವಾಪಸ್ಸು ಹೋಯಿತು. ಕೆಲವರು ಬಂದ ಬಹುಮಾನ ಕಳೆದುಕೊಂಡೆವಲ್ಲ ಎಂದು ಗೊಣಗಿದರು. ಮ್ಯಾನೇಜರ್ ಮೇಲಿನವರಿಂದ ಬೈಸಿಕೊಂಡರೆಂದು ಆಮೇಲೆ ಕೇಳಿದೆವು. ಅವರು ನಮ್ಮ ಹತ್ತಿರ ಅದನ್ನು ಆಡಲಿಲ್ಲ.

ಬದಲಾವಣೆಗಳು ನಿಧಾನವಾಗಿ ಬಂದವು. ಎರಡು ಕಾರ್ಯಕ್ರಮದವರೂ ಒಟ್ಟಿಗೆ ಕೂತು ಮಾತಾಡಿದರಂತೆ. ಘಟಕದಲ್ಲಿ ಶುದ್ಧವಾದ ನೀರನ್ನು ಶೌಚಾಲಯದ ಟ್ಯಾಂಕಿಗೆ ಏರಿಸುವ ಪೈಪು ಹಾಕಿದರು. ಹಾಗಾಗಿ ಬೋರಿನ ನೀರು ನಿಜವಾಗಿಯೂ ಉಳಿಯತೊಡಗಿತು. ಶೆಡ್ಡಿನ ಈ ತುದಿಯಲ್ಲೂ ಒಂದು ಹೊಸ ಸಾಲು ಕಟ್ಟಿದರು. ಪ್ರತಿ ಲೈನಿಗೆ ಒಬ್ಬ ಬದಲಿ ಕೆಲಸದವಳನ್ನು ಇಟ್ಟರು. ಯಾರು ಎದ್ದು ಹೋದರೂ ಅವರ ಮೆಷಿನ್ನಿನಲ್ಲಿ ಕೂತು ಹೊಲಿಯುವುದು ಅವಳ ಕೆಲಸ. ಬೋರ್ಡಿನ ಗೆರೆ ಮೊದಲು ಮೇಲೇರಿತು, ಆಮೇಲೆ ನಿಧಾನಕ್ಕೆ ಇಳಿಯಿತು. ಮುಂದಿನ ಬಹುಮಾನ ಬೇರೆ ಯೂನಿಟ್‌ಗೆ ಹೋಯಿತು. ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ದಿನಕ್ಕೆ ಇಷ್ಟು ಅಂಗಿ ಮುಗಿಸಬೇಕೆಂಬ ಟಾರ್ಗೆಟ್ ಇಳಿದಿಲ್ಲ. ಬಸ್ಸು ಈಗಲೂ ನಡುವೆ ನಿಲ್ಲುವುದಿಲ್ಲ. ಅದಕ್ಕಾಗಿ ನಾವಿನ್ನೂ ಕೇಳುತ್ತಲೇ ಇದ್ದೇವೆ.

ನನ್ನ ಗೆಳತಿಯ ಕಲ್ಲು ಔಷಧಿಯಲ್ಲೇ ಕರಗಿ ಬಿದ್ದಿತು. ಕಾಲರ್, ಕಫ್, ಜೇಬು ಎಲ್ಲವನ್ನೂ ಹೊಲಿಯಬಲ್ಲವಳಾದ್ದರಿಂದ ನಮ್ಮ ಲೈನಿನ ಬದಲಿ ಕೆಲಸಕ್ಕೆ ಅವಳನ್ನೇ ಹಾಕಿದರು. ಈಗ ದಿನವಿಡೀ ಮೆಷಿನ್ನುಗಳ ನಡುವೆ ಓಡಾಡುತ್ತಾಳೆ. ಮುಖ ನೋಡಿಯೇ ಗುರುತು ಹಿಡಿದು, ‘ಏಳೇ, ಹೋಗಿ ಬಾ, ನಾನು ಕೂರ್ತೀನಿ’ ಎಂದು ಎಬ್ಬಿಸುತ್ತಾಳೆ. ಹೋದವರು ಹರಟೆ ಹೊಡೆಯುತ್ತ ಅಲ್ಲೇ ನಿಂತರೆ, ‘ಅಲ್ಲೇ ಮನೆ ಮಾಡ್ಕೊಂಡ್ಯೇನೇ?’ ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗುತ್ತಾಳೆ. ಮೊನ್ನೆ ಗಂಡಸರ ವಿಭಾಗದವರೂ ತಮಗೊಬ್ಬ ಬದಲಿ ಬೇಕೆಂದು ಮ್ಯಾನೇಜರ್ ಹತ್ತಿರ ಹೋಗಿದ್ದರಂತೆ. ಮ್ಯಾನೇಜರ್ ನನ್ನ ಗೆಳತಿಯನ್ನೇ ಕರೆಸಿ, ಯಾರನ್ನು ಹಾಕಿದರೆ ಸರಿ ಎಂದು ಕೇಳಿದರು.